ಎಂಎಸ್ಸಿ ವಿದ್ಯಾರ್ಥಿಗಳಿಗೆ ಆರ್ ಕಲಿಸುವಾಗ ಯಾವುದು ಮೊದಲು?

ಹೂಮಳೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ದಕ್ಷಿಣ ಕೊಡಗಿನಲ್ಲಿ ಎಂಎಸ್ಸಿ ಮೊದಲ ವರ್ಷದ 16 ಜನರಿಗೆ ಆರ್ (ಅಂಕಿಅಂಶ ವಿಶ್ಲೇಷಣೆಯ ಪ್ರೋಗ್ರಾಮಿಂಗ್ ಭಾಷೆ) ಪ್ರಾಕ್ಟಿಕಲ್ ತಗೋಬೇಕಾಗಿದೆ. ವಾರಕ್ಕೆ ಎರಡು ಗಂಟೆ, ಒಟ್ಟು 12 ವಾರ. ಅರಣ್ಯ, ತೋಟಗಾರಿಕೆ, ಮಣ್ಣು ವಿಜ್ಞಾನದ ಮಕ್ಕಳು. ಎಕ್ಸೆಲ್ ಚೆನ್ನಾಗಿ ಬರುತ್ತೆ, ಕೋಡ್ ಬರೆದು ಯಾರಿಗೂ ಅಭ್ಯಾಸವಿಲ್ಲ. ಈಗಿರುವ ಪಾಠದ ಕ್ರಮದಲ್ಲಿ ವೆಕ್ಟರ್, ಮ್ಯಾಟ್ರಿಕ್ಸ್, ಲಿಸ್ಟ್ (ಡೇಟಾ ಇಡುವ ಬಗೆಗಳು), ಲೂಪ್ (ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಕೋಡ್) ಎಲ್ಲ ಮುಗಿದು ಅನೋವಾ (ಗುಂಪುಗಳ ಸರಾಸರಿ ನಿಜಕ್ಕೂ ಬೇರೆಯೇ ಅಂತ ನೋಡುವ ಪರೀಕ್ಷೆ) ಬರೋದು ಒಂಬತ್ತನೇ ವಾರಕ್ಕೆ. ಅಷ್ಟರಲ್ಲಿ ಮಕ್ಕಳು ಎಲ್ಲಿಂದಲೋ ಸ್ಕ್ರಿಪ್ಟ್ ತಂದು ಅಂಟಿಸಿ ಔಟ್‌ಪುಟ್ ತೋರಿಸೋಕೆ ಶುರು ಮಾಡಿರುತ್ತಾರೆ. ಕೋಡ್ ಓಡುತ್ತೆ, ಉತ್ತರ ತಪ್ಪಿರುತ್ತೆ, ತಪ್ಪಿದೆ ಅಂತ ಅವರಿಗೆ ತಿಳಿಯೋದಿಲ್ಲ.

ಮೂರು ಪ್ರಶ್ನೆ. ಯಾವ ಕ್ರಮದಲ್ಲಿ ಕಲಿಸಬೇಕು? ಆರ್ ಜೊತೆಗೇ ಬರುವ ಡೇಟಾ ಸಾಕೋ, ಇಲ್ಲಿಯದೇ ಬೇಕೋ? ಮಳೆಗಾಲದಲ್ಲಿ ನೆಟ್ ಇಲ್ಲದಿದ್ದರೆ ಪ್ಯಾಕೇಜ್ (ಆರ್‌ಗೆ ಸೇರಿಸುವ ಹೆಚ್ಚುವರಿ ಫಂಕ್ಷನ್‌ಗಳ ಕಟ್ಟು) ಹಾಕೋದು ಹೇಗೆ?

ಡಿಎಫ್_ಮೊದಲು:

ಕ್ರಮ ತಿರುಗಿಸಿ. ಮೊದಲ ವಾರವೇ ಅನೋವಾಕ್ಕೆ ಹೋಗಿ, ಆದರೆ ಮೊದಲ ಅರ್ಧ ಗಂಟೆ ಕಂಪ್ಯೂಟರ್ ಮುಟ್ಟಿಸಬೇಡಿ. ಕರಿಮೆಣಸಿಗೆ 5 ಗೊಬ್ಬರದ ಪ್ರಮಾಣ, 4 ಬ್ಲಾಕ್ (ಎಲ್ಲ ಪ್ರಮಾಣವೂ ಒಂದೊಂದು ಸಲ ಬರುವ ಜಮೀನಿನ ತುಂಡು) ಅಂತ ಬೋರ್ಡ್ ಮೇಲೆ ಬರೆದು, ಡಿಎಫ್ (ಡಿಗ್ರೀಸ್ ಆಫ್ ಫ್ರೀಡಂ, ಅಂದರೆ ಸ್ವತಂತ್ರವಾಗಿ ಬದಲಾಗಬಲ್ಲ ಬೆಲೆಗಳ ಸಂಖ್ಯೆ) ಕಾಲಂ ಮಾತ್ರ ಕೈಯಲ್ಲಿ ತುಂಬಿಸಿ: ಒಟ್ಟು 19, ಟ್ರೀಟ್‌ಮೆಂಟ್ (ಗೊಬ್ಬರದ ಪ್ರಮಾಣ) 4, ಬ್ಲಾಕ್ 3, ಎರರ್ (ಉಳಿದ ಏರುಪೇರು) 12. ಆಮೇಲೆ ಅದೇ ಡೇಟಾವನ್ನು ಟ್ರೀಟ್‌ಮೆಂಟ್ 1ರಿಂದ 5, ಬ್ಲಾಕ್ 1ರಿಂದ 4 ಅಂತ ಬರೀ ಅಂಕೆಯಲ್ಲಿ ಬರೆದಿರುವ ಫೈಲ್ ಕೊಟ್ಟು ಓಡಿಸಿ. ಆರ್ ತಕರಾರು ಮಾಡದೆ ಟೇಬಲ್ ಕೊಡುತ್ತೆ: ಟ್ರೀಟ್‌ಮೆಂಟ್ 1, ಬ್ಲಾಕ್ 1, ಎರರ್ 17. ಅಂಕೆ ಕಂಡ ಕಡೆ ಆರ್ ಅದನ್ನು ಅಳತೆ ಅಂತ ತಿಳಿದು ಒಂದು ನೇರ ಗೆರೆ ಎಳೆದಿರುತ್ತೆ. ಎರಡನ್ನೂ ಫ್ಯಾಕ್ಟರ್ (ಅಂಕೆಯನ್ನು ಬರೀ ಗುಂಪಿನ ಹೆಸರಾಗಿ ನೋಡುವ ಬಗೆ) ಮಾಡಿದ ಮೇಲೆ 4, 3, 12 ಬರುತ್ತೆ. ಟ್ರೀಟ್‌ಮೆಂಟ್ ಹೆಸರನ್ನು ಟಿ1, ಟಿ2 ಅಂತ ಅಕ್ಷರ ಸೇರಿಸಿ ಬರೆದು ಬ್ಲಾಕನ್ನು ಮಾತ್ರ ಅಂಕೆಯಲ್ಲಿ ಬಿಟ್ಟರೆ 4, 1, 14. ಥೀಸಿಸ್‌ಗಳಲ್ಲಿ ನುಸುಳೋದು ಹೆಚ್ಚಾಗಿ ಈ ಮೂರನೆಯದು, ಯಾಕಂದ್ರೆ ಟ್ರೀಟ್‌ಮೆಂಟ್ ಸಾಲು ಸರಿಯಾಗೇ ಕಾಣುತ್ತೆ, ಕೆಳಗಿನ ಸಾಲನ್ನು ಯಾರೂ ಓದೋದಿಲ್ಲ.

ಇನ್ನೊಂದು ದೊಡ್ಡ ಗುಂಡಿ ಪ್ರತಿ ಪ್ಲಾಟಿನ (ಬ್ಲಾಕಿನಲ್ಲಿ ಒಂದು ಪ್ರಮಾಣ ಹಾಕಿದ ಜಾಗ) 10 ಬಳ್ಳಿ. ಪ್ರತಿ ಬಳ್ಳಿಗೆ ಒಂದು ಸಾಲು ಬರೆದರೆ 200 ಸಾಲು. ಹಾಗೇ ಓಡಿಸಿದರೆ ಎರರ್ ಡಿಎಫ್ 192. ಗೊಬ್ಬರ ಹಾಕಿದ್ದು ಪ್ಲಾಟಿಗೆ, ಬಳ್ಳಿಗಲ್ಲ. ಪ್ಲಾಟಿನ ಸರಾಸರಿ ತೆಗೆದು 20 ಸಾಲಿಗೆ ಇಳಿಸಿ, ಇಲ್ಲವೇ ಪ್ಲಾಟನ್ನು ರ‍್ಯಾಂಡಮ್ ಆಗಿಟ್ಟು ಮಿಕ್ಸೆಡ್ ಮಾಡೆಲ್ (ಪ್ಲಾಟಿನ ಏರುಪೇರನ್ನೂ ಬಳ್ಳಿಯ ಏರುಪೇರನ್ನೂ ಬೇರೆಯಾಗಿ ಲೆಕ್ಕಿಸುವ ವಿಧಾನ) ಹಾಕಿ. ಮೊದಲ ತಿಂಗಳಿಗೆ ಸರಾಸರಿಯೇ ಸಾಕು.

ಸಿಡಿಯನ್ನೂ (ಕ್ರಿಟಿಕಲ್ ಡಿಫರೆನ್ಸ್, ಎರಡು ಸರಾಸರಿ ಬೇರೆ ಅನ್ನಲು ಬೇಕಾದ ಕನಿಷ್ಠ ಅಂತರ) ಒಮ್ಮೆ ಕೈಯಲ್ಲೇ ಮಾಡಿಸಿ. ಎರರ್ ಮೀನ್ ಸ್ಕ್ವೇರ್ 4, ಬ್ಲಾಕ್ 4 ಇದ್ದರೆ 2 ಸಲ 4, ಅದನ್ನು 4ರಿಂದ ಭಾಗಿಸಿ ವರ್ಗಮೂಲ 1.414. 12 ಡಿಎಫ್‌ಗೆ ಶೇ 5ರ ಟಿ ಬೆಲೆ 2.179. ಗುಣಿಸಿದರೆ 3.08. ಅಗ್ರಿಕೋಲೆ ಪ್ಯಾಕೇಜಿನ ಎಲ್‌ಎಸ್‌ಡಿ (ಸಿಡಿಯ ಇನ್ನೊಂದು ಹೆಸರು) ಅದೇ ಸಂಖ್ಯೆ ಕೊಟ್ಟಾಗ ಮಕ್ಕಳಿಗೆ ಪ್ಯಾಕೇಜ್ ಒಳಗೆ ಏನು ನಡೀತಿದೆ ಅಂತ ಕಾಣುತ್ತೆ. ವೆಕ್ಟರ್, ಲಿಸ್ಟ್ ಎಲ್ಲ ಬೇಕಾದ ಹೊತ್ತಿಗೆ ಹೇಳಿದರಾಯ್ತು.

ಇಂಚು_ಸೆಂಟು:

ಡೇಟಾ ಇಲ್ಲಿಯದೇ ಇರಲಿ. ಜೊತೆಗೆ ಬರುವ ಡೇಟಾ ತೊಳೆದಿಟ್ಟದ್ದು, ಅದರಲ್ಲಿ ಕಲಿಯೋಕೆ ಕೊಳೆಯೇ ಇರೋದಿಲ್ಲ. ತೋಟದ ಮಳೆ ಡೈರಿಗಿಂತ ಒಳ್ಳೆಯ ಪಠ್ಯ ಇನ್ನೊಂದಿಲ್ಲ. ನಮ್ಮಲ್ಲಿ ಮಳೆ ಬರೆಯೋದು ಇಂಚು, ಸೆಂಟಿನಲ್ಲಿ. 100 ಸೆಂಟಿಗೆ ಒಂದು ಇಂಚು, ಇಂಚಿಗೆ 25.4 ಮಿಲಿಮೀಟರ್. ಡೈರಿಯಲ್ಲಿ 1.5 ಅಂತಿದ್ದರೆ ಅದು ಒಂದೂವರೆ ಇಂಚೋ, ಒಂದಿಂಚು ಐದು ಸೆಂಟೋ? ಮೊದಲನೆಯದು 38.1 ಮಿಮೀ, ಎರಡನೆಯದು 26.67. ಈ ಒಂದು ಸಾಲಿನ ಮೇಲೆ ಅರ್ಧ ತರಗತಿ ತೆಗೆಯಬಹುದು.

ಇದೇ ಡೈರಿಯಲ್ಲಿ ಮಳೆ ಇಲ್ಲದ ದಿನ ಖಾಲಿ, ನೋಡದ ದಿನವೂ ಖಾಲಿ. ಒಂದು ಸೊನ್ನೆ, ಇನ್ನೊಂದು ಎನ್‌ಎ (ಮಾಹಿತಿ ಇಲ್ಲ ಅಂತ ಆರ್ ಬಳಸುವ ಗುರುತು). ಖಾಲಿಯನ್ನೆಲ್ಲ ಎನ್‌ಎ ಅಂತ ಓದಿಸಿ, ಸರಾಸರಿ ಫಂಕ್ಷನ್ ಎನ್‌ಎ ಕೊಟ್ಟಿತು ಅಂತ ಅದನ್ನು ತೆಗೆದುಹಾಕುವ ಆಯ್ಕೆ ಹಾಕಿದರೆ ಮಳೆಯಿಲ್ಲದ ದಿನಗಳೂ ಹೋಗಿ ಸರಾಸರಿ ಏರಿ ಕೂರುತ್ತೆ. ಫೆಬ್ರವರಿ, ಮಾರ್ಚಿನ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಲೆಕ್ಕದಲ್ಲಿ ಇದು ಬಹಳ ಕೆಡಿಸುತ್ತೆ. ಎಲ್ಲೋ ಒಂದು ಕಡೆ ‘ಹನಿ’ ಅಂತ ಬರೆದಿದ್ದರೂ ಸಾಕು, ಇಡೀ ಕಾಲಂ ಅಕ್ಷರವಾಗುತ್ತೆ. ಅಕ್ಷರದ ಕಾಲಂ ಅನ್ನು ಅಂಕೆಗೆ ತಿರುಗಿಸಿದರೆ ಹನಿ ಎನ್‌ಎ ಆಗಿ ಎಚ್ಚರಿಕೆ ಬರುತ್ತೆ, ಅದು ಒಳ್ಳೆಯದೇ. ಫ್ಯಾಕ್ಟರ್ ಆಗಿದ್ದರೆ ಎಚ್ಚರಿಕೆ ಇಲ್ಲದೆ ಮಟ್ಟದ ಕ್ರಮಸಂಖ್ಯೆ ಕೊಡುತ್ತೆ, 2.40 ಇಂಚು ಇದ್ದದ್ದು 37 ಆಗಿರಬಹುದು. 2020ರ 4.0.0 ಆವೃತ್ತಿಯಿಂದ ಈಚೆ ಅಕ್ಷರದ ಕಾಲಂ ತಾನಾಗಿ ಫ್ಯಾಕ್ಟರ್ ಆಗೋದಿಲ್ಲ. ಹಳೆಯ ಸ್ಕ್ರಿಪ್ಟ್ ಹೊಸ ಆರ್‌ನಲ್ಲಿ ಬೇರೆ ರೀತಿ ನಡೆಯಲು ಇದು ಮುಖ್ಯ ಕಾರಣ.

ತಾರೀಕಿನ ವಿಚಾರ. ಲ್ಯಾಬಿನ ಎಕ್ಸೆಲ್ ಅಮೆರಿಕದ ಸೆಟ್ಟಿಂಗ್‌ನಲ್ಲಿದ್ದರೆ 05-06-2024 ಅನ್ನೋದು ಮೇ 6 ಆಗುತ್ತೆ, 13-06-2024 ಅಕ್ಷರವಾಗೇ ಉಳಿಯುತ್ತೆ. ತಿಂಗಳ ಮೊದಲ 12 ದಿನ ಮಾತ್ರ ಹಾಳಾಗಿದ್ದರೆ ಇದೇ ಕಾಯಿಲೆ. ದಿನ, ತಿಂಗಳು, ವರ್ಷ ಮೂರು ಕಾಲಂ ಮಾಡಿ ಬರೆಸಿ.

ಪೆನ್‌ಡ್ರೈವ್:

ನೆಟ್ ವಿಚಾರಕ್ಕೆ ಬರ್ತೀನಿ. ಮಳೆ ಹಿಡಿಯೋಕೆ ಮುಂಚೆ ನೆಟ್ ಇರುವ ಒಂದು ವಿಂಡೋಸ್ ಯಂತ್ರದಲ್ಲಿ ಬೇಕಾದ ಪ್ಯಾಕೇಜ್ ಎಲ್ಲ ಹಾಕಿ. ಲಿಬ್‌ಪಾತ್ಸ್ ಫಂಕ್ಷನ್ ಓಡಿಸಿದರೆ ಫೋಲ್ಡರ್ ಎಲ್ಲಿದೆ ಅಂತ ತೋರಿಸುತ್ತೆ. ಆ ಫೋಲ್ಡರನ್ನು ಆರ್, ಆರ್‌ಸ್ಟುಡಿಯೊ (ಆರ್ ಕೋಡ್ ಬರೆದು ಓಡಿಸುವ ತಂತ್ರಾಂಶ) ಇನ್‌ಸ್ಟಾಲರ್ ಜೊತೆ ಪೆನ್‌ಡ್ರೈವಿಗೆ ಹಾಕಿ, ಉಳಿದ ಯಂತ್ರಗಳ ಅದೇ ಜಾಗಕ್ಕೆ ನಕಲು ಮಾಡಿ. ಷರತ್ತು ಒಂದೇ: ಆವೃತ್ತಿಯ ಮೊದಲ ಎರಡು ಅಂಕೆ ಎಲ್ಲ ಕಡೆ ಒಂದೇ ಇರಬೇಕು. 4.3ರ ಪ್ಯಾಕೇಜನ್ನು 4.4ಕ್ಕೆ ಹಾಕಿದರೆ ಕೆಲವು ಓಡುತ್ತೆ, ಕೆಲವು ಓಡಲ್ಲ, ತರಗತಿ ಅಲ್ಲಿಗೇ ನಿಲ್ಲುತ್ತೆ. ಒಂದೊಂದೇ ಜಿಪ್ ತಂದು ಹಾಕಲು ಹೋಗಬೇಡಿ, ಒಂದು ಪ್ಯಾಕೇಜ್ ಇನ್ನೂ ಹತ್ತು ಕೇಳುತ್ತೆ.

ಆರ್‌ಸ್ಟುಡಿಯೊದಲ್ಲಿ ಮೊದಲ ದಿನವೇ ಎರಡು ಸೆಟ್ಟಿಂಗ್ ಬದಲಿಸಿ: ಶುರುವಿನಲ್ಲಿ ಹಳೆಯ ವರ್ಕ್‌ಸ್ಪೇಸ್ ತೆರೆಯೋದು ಬೇಡ, ಮುಚ್ಚುವಾಗ ಉಳಿಸೋದೂ ಬೇಡ. ಕಳೆದ ವಾರದ ಡೇಟಾ ನೆನಪಲ್ಲಿ ಕೂತಿದ್ದರೆ ಅರ್ಧ ಸ್ಕ್ರಿಪ್ಟೂ ಓಡಿಬಿಡುತ್ತೆ. ಒಪ್ಪಿಸುವ ಮೊದಲು ಕಂಟ್ರೋಲ್, ಶಿಫ್ಟ್, ಎಫ್10 ಒತ್ತಿ ಆರ್ ಅನ್ನು ಹೊಸದಾಗಿ ಶುರು ಮಾಡಿ, ಮೇಲಿನಿಂದ ಕೆಳಗೆ ಒಮ್ಮೆ ಓಡಿಸಲಿ. ಆಗ ಓಡದ್ದಕ್ಕೆ ಅಂಕ ಬೇಡ.

ಅಂಟಿಸುವ ಚಟಕ್ಕೆ ಮದ್ದು: ಪ್ರತಿಯೊಬ್ಬರೂ ತಮ್ಮ ರೋಲ್ ನಂಬರನ್ನು ಸೆಟ್‌ಸೀಡ್‌ಗೆ (ಯಾದೃಚ್ಛಿಕ ಸಂಖ್ಯೆಗಳ ಆರಂಭ ಗೊತ್ತುಮಾಡುವ ಫಂಕ್ಷನ್) ಕೊಟ್ಟು ಡೇಟಾ ತಾವೇ ಸೃಷ್ಟಿಸಲಿ. ರಚನೆ ಒಂದೇ, ಉತ್ತರ 16 ಬಗೆ. ಸ್ಯಾಂಪಲ್ ಫಂಕ್ಷನ್ (ಯಾದೃಚ್ಛಿಕವಾಗಿ ಆರಿಸಿಕೊಡುವುದು) ಬಳಸಿದರೆ ಒಂದು ಎಚ್ಚರ: 2019ರ 3.6.0 ಆವೃತ್ತಿಯಲ್ಲಿ ಅದರ ಒಳವಿಧಾನ ಬದಲಾಯಿತು, ಹಳೆಯ ಯಂತ್ರದಲ್ಲಿ ಅದೇ ಸೀಡಿಗೆ ಬೇರೆ ಸಾಲು ಬರುತ್ತೆ.

ಡಿಎಫ್_ಮೊದಲು:

ಲೂಪ್ ಕಲಿಸಲು ಡೇಟಾ ತಾವೇ ಸೃಷ್ಟಿಸುವ ಅದೇ ದಾರಿ ಚೆಂದ. ವ್ಯತ್ಯಾಸವೇ ಇಲ್ಲದ ಡೇಟಾ 1000 ಸಲ ಸೃಷ್ಟಿಸಿ ಅನೋವಾ ಮಾಡಿಸಿ. ಪಿ ಬೆಲೆ (ವ್ಯತ್ಯಾಸ ಇಲ್ಲದಿದ್ದರೂ ಇಷ್ಟೋ ಇನ್ನೂ ಹೆಚ್ಚೋ ಅಂತರ ಆಕಸ್ಮಿಕವಾಗಿ ಬರುವ ಸಂಭವ) 0.05ಕ್ಕಿಂತ ಕಡಿಮೆ ಬರೋದು ಸುಮಾರು 50 ಸಲ. ಆಮೇಲೆ ಪ್ಲಾಟಿನಿಂದ ಪ್ಲಾಟಿಗೆ ಸ್ವಲ್ಪ ಏರುಪೇರು ಸೇರಿಸಿ, ಬಳ್ಳಿ ಬಳ್ಳಿಗೂ ಸಾಲು ಬರೆದು ಅದೇ ಎಣಿಕೆ ಮಾಡಿಸಿ. 192 ಡಿಎಫ್ ಯಾಕೆ ತಪ್ಪು ಅಂತ ಬಾಯಲ್ಲಿ ಹೇಳಬೇಕಾಗಿಲ್ಲ, ಎಣಿಕೆ ಕಣ್ಣೆದುರೇ ಏರುತ್ತೆ.

ಹೂಮಳೆ:

ತುಂಬಾ ಉಪಕಾರ ಆಯ್ತು. ಆ 1.5ರ ವಿಷಯಕ್ಕೆ ಕೋಡಿನಲ್ಲೇ ಏನಾದರೂ ಪತ್ತೆ ಹಚ್ಚಬಹುದಾ?

ಇಂಚು_ಸೆಂಟು:

ಹಚ್ಚಬಹುದು, ಆದರೆ ಅಂಕೆಯಾಗಿ ಓದಿಸಿದ ಕ್ಷಣವೇ ಸಾಕ್ಷಿ ಹೋಗುತ್ತೆ, 1.50 ಮತ್ತು 1.5 ಒಂದೇ ಆಗಿಬಿಡುತ್ತೆ. ಎಕ್ಸೆಲ್ ಕೂಡ ಕೊನೆಯ ಸೊನ್ನೆ ನುಂಗುತ್ತೆ. ಅದಕ್ಕೆ ಡೈರಿಯಿಂದ ನೇರವಾಗಿ ಅಕ್ಷರದ ಕಾಲಂ ಆಗಿ ಟೈಪ್ ಮಾಡಿಸಿ, ಚುಕ್ಕಿಯ ಬಲಕ್ಕಿರುವ ಭಾಗ ಬೇರ್ಪಡಿಸಿ ಟೇಬಲ್ ಫಂಕ್ಷನ್ (ಯಾವುದು ಎಷ್ಟು ಸಲ ಬಂದಿದೆ ಅಂತ ಎಣಿಸುವುದು) ಹಾಕಿ. 50, 20 ಅಂತ ಸೊನ್ನೆಯಲ್ಲಿ ಮುಗಿಯುವವು ಇದ್ದು 05 ಒಂದೂ ಇಲ್ಲದಿದ್ದರೆ, ಬರೆದವರು ಬರೀ 5 ಅಂದದ್ದು ಐದು ಸೆಂಟಿಗೆ. 05, 08 ಇದ್ದು ಸೊನ್ನೆಯಲ್ಲಿ ಮುಗಿಯುವುದು ಒಂದೂ ಇಲ್ಲದಿದ್ದರೆ 5 ಅಂದರೆ ಐವತ್ತು ಸೆಂಟು. ಎರಡೂ ಬಗೆ ಇದ್ದರೆ ಡೈರಿ ಬರೆದವರನ್ನೇ ಕೇಳಬೇಕು. ಕೈಬರಹ ಬದಲಾದ ವರ್ಷಗಳನ್ನು ಬೇರೆ ಬೇರೆ ಎಣಿಸಿ, ಬರೆಯುವವರು ಬದಲಾದಾಗ ರೂಢಿಯೂ ಬದಲಾಗಿರುತ್ತೆ. ಯಾರೂ ಸಿಗದಿದ್ದರೆ ತಿಂಗಳ ಮೊತ್ತವನ್ನು ಎರಡೂ ರೀತಿಯಲ್ಲಿ ಹಾಕಿ ಪಕ್ಕಪಕ್ಕ ತೋರಿಸಲಿ. ಹೊಸದಾಗಿ ಬರೆಯುವವರಿಗೆ ಇಂಚಿಗೊಂದು, ಸೆಂಟಿಗೊಂದು ಕಾಲಂ ಇರುವ ಹಾಳೆ ಕೊಡಿ.