ಮತದ ಹಕ್ಕಿನ ಕೇಸು ನಡೆಸೋಕೆ ಸರ್ಕಾರಿ ವಕೀಲಿಕೆ ಸರಿನಾ? ಕೊಡಗಿನಲ್ಲಿ ಮಾಡಿದವರು ಅನುಭವ ಹೇಳಿ

ವಿರಾಜಪೇಟೆ ಹುಡುಗಿ: ತೋಟದ ಕಾರ್ಮಿಕರಿರೋ ಲೈನ್ ಮನೆಯವರ, ಆದಿವಾಸಿಗಳ ಹಾಡಿಯವರ ಹೆಸರು ಮತದಾರರ ಪಟ್ಟಿಯಿಂದ ಬಿದ್ದುಹೋಗೋದು ನೋಡಿ ಬೇಜಾರಾಗಿದೆ. ಕ್ರಿಮಿನಲ್ ಕೇಸು ನಡೆಸೋ ಎಪಿಪಿ (ಸಹಾಯಕ ಸರ್ಕಾರಿ ಅಭಿಯೋಜಕರು) ಪರೀಕ್ಷೆ ಬರೆಯಲಾ, ಸರ್ಕಾರವೇ ನೇಮಿಸಿ ತನ್ನ ಪರ ಸಿವಿಲ್ ಕೇಸಿಗೆ ನಿಲ್ಲಿಸೋ ಸರ್ಕಾರಿ ಪ್ಲೀಡರ್ ಆಗೋಕೆ ನೋಡಲಾ? ಅಮ್ಮನ ಔಷಧಿ ಖರ್ಚೂ ನನ್ನ ಮೇಲಿದೆ.

ಮಾಜಿ ಪ್ಲೀಡರ್: ಹೆಸರು ಕಳೆದುಕೊಂಡ ತೋಟದ ಕಾರ್ಮಿಕ ದಾವೆ ಹಾಕಿದ. ನಾನು ನಿಂತದ್ದು ತಹಶೀಲ್ದಾರ್ ಪರ! 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 30ನೇ ಕಲಂ ತೋರಿಸಿದೆ, ಪಟ್ಟಿಯ ತಕರಾರು ಸಿವಿಲ್ ಕೋರ್ಟಿಗೆ ಬರುವಂತಿಲ್ಲ. ದಾವೆ ವಜಾ. ಜಿಲ್ಲಾಧಿಕಾರಿಗೆ ಮೇಲ್ಮನವಿ ಹಾಕಬೇಕಿತ್ತು, ಅದಕ್ಕೆ 15 ದಿನದ ಗಡುವು ಯಾವತ್ತೋ ದಾಟಿತ್ತು. ಇನ್ನು ದುಡ್ಡಿನ ಕತೆ. ಟೈಪಿಂಗ್, ಜೆರಾಕ್ಸ್, ಗುಮಾಸ್ತನ ಸಂಬಳ ಎಲ್ಲ ಕೈಯಿಂದ. ಸೀಲು ಮಸುಕಾಗಿದೆ ಅಂತ ಸರ್ಕಾರಕ್ಕೆ ಕಳಿಸಿದ ಬಿಲ್ ವಾಪಸ್ ಬಂತು. ಹೊಸ ಸೀಲು ಒತ್ತಿ ಕಳಿಸಿದರೆ, ತಾರೀಖು ಹಳೆಯದು ಅಂತ ಮತ್ತೆ ವಾಪಸ್. ಅಷ್ಟರಲ್ಲಿ ಸರ್ಕಾರ ಬದಲಾಯಿತು, ನಾನೂ ಮನೆಗೆ.

ನಿವೃತ್ತ ಎಪಿಪಿ: ಶಿಫಾರಸಿನಲ್ಲಿ ಬಂದದ್ದು ಹಾಗೇ ಹೋಗುತ್ತೆ ಸಾಹೇಬ್ರೇ. ನಾನು ಪರೀಕ್ಷೆ ಪಾಸಾಗಿ ಬಂದವನು, ಸಂಬಳ ತಪ್ಪಲಿಲ್ಲ. ಬೇಸರ ಕೇಸುಗಳದ್ದು. ಮತದಾನದ ಹಿಂದಿನ ರಾತ್ರಿ ಲೈನಿನಲ್ಲಿ ಕ್ವಾರ್ಟರ್ ಬಾಟಲಿ ಹೆಂಡ ಹಂಚುತ್ತಾರೆ. ಕುಡಿಸಿ ತಿನ್ನಿಸಿದ ಲಂಚಕ್ಕೆ ಹಳೆಯ ದಂಡ ಸಂಹಿತೆ ಐಪಿಸಿಯ 171ಇ ಪ್ರಕಾರ ಬರೀ ದಂಡ ಇತ್ತು. ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡಿದರೆ ಅದೂ ಹೈಕೋರ್ಟಿನಲ್ಲಿ ರದ್ದು. 2024ರಲ್ಲಿ ಐಪಿಸಿ ಬದಲು ಬಂದ ಹೊಸ ಬಿಎನ್‌ಎಸ್ 173ರಲ್ಲೂ ಅದೇ ದಂಡ.

ಗೋಣಿಕೊಪ್ಪ ಜೂನಿಯರ್: ನಾನು ಉಚಿತ ಕಾನೂನು ನೆರವು ಕೊಡೋ ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್ ವಕೀಲ. ಪಟ್ಟಿಗೆ ಹೆಸರು ಸೇರಿಸೋ ಫಾರಂ 6 ತುಂಬಿಸಲು ತಿತಿಮತಿ ಕಡೆಯ ಹಾಡಿಗೆ ಜೀಪು ಮಾಡಿಕೊಂಡು ಹೋದೆ. ಬಾಡಿಗೆ 1,800, ಡ್ರೈವರ್ ಊಟ 120, ಫೋಟೊ ತಲೆಗೆ 40. ಮಳೆಗೆ ಫೋಟೊಗಳು ಒಂದಕ್ಕೊಂದು ಅಂಟಿಕೊಂಡು, ಬಿಡಿಸುವಾಗ ಅಜ್ಜಿಯೊಬ್ಬರ ಅರ್ಧ ಮುಖ ಪಕ್ಕದವರ ಬೆನ್ನಿಗೆ ಹೋಯಿತು. ಮತ್ತೆ 40. ಲೈನ್ ಮನೆಯವರದು ಇನ್ನೂ ಕಷ್ಟ, ವಿಳಾಸದ ಕಾಗದಕ್ಕೆ ತೋಟದ ಮಾಲೀಕರು ಸಹಿ ಹಾಕಲ್ಲ. ಊರಲ್ಲಿ ಕೊಡವ ಪೂರ್ವಜರ ಮನೆ ಇಟ್ಟುಕೊಂಡು ಬೆಂಗಳೂರಿನಲ್ಲಿರೋ ಐನ್‌ಮನೆಯವರ ಹೆಸರು ಮಾತ್ರ ಪಟ್ಟಿಯಲ್ಲಿ ಗಟ್ಟಿ.

ಐನ್‌ಮನೆ ಮಗ: ನಮ್ಮ ಸುದ್ದಿ ಯಾಕೆ? ಪುತ್ತರಿ ಸುಗ್ಗಿ ಹಬ್ಬಕ್ಕೆ ತಪ್ಪದೆ ಬರುತ್ತೇನೆ. ತಾತ್ಕಾಲಿಕವಾಗಿ ಹೊರಗಿದ್ದರೆ ಹೆಸರು ಹೋಗಲ್ಲ, ಅದೇ 1950ರ ಕಾಯ್ದೆಯ 20(1ಎ) ಓದಿ.

ಗೋಣಿಕೊಪ್ಪ ಜೂನಿಯರ್: ಅದರ ಮೇಲಿನ ಸಾಲೂ ಓದಿ ಅಣ್ಣ. ಮನೆ ಇದೆ ಅಂದ ಮಾತ್ರಕ್ಕೆ ವಾಸ ಆಗಲ್ಲ. ಬೆಂಗಳೂರಿನಲ್ಲಿ ಸ್ವಂತ ಮನೆ ಕಟ್ಟಿ, ಮಕ್ಕಳ ಮದುವೆ ಮಾಡಿದ್ದೂ ತಾತ್ಕಾಲಿಕವಾ?

ಐನ್‌ಮನೆ ಮಗ: ನನ್ನ ತಮ್ಮ ಸೇನೆಯಲ್ಲಿದ್ದಾನೆ. ಅವನ ಹೆಸರೂ ತೆಗೀತೀರಾ?

ನಿವೃತ್ತ ಎಪಿಪಿ: ಸೇನೆಯವರು ಸರ್ವಿಸ್ ಮತದಾರರು, 20(3). ಆ ಲೆಕ್ಕವೇ ಬೇರೆ. ಸುಮ್ನೆ ಸೈನಿಕರನ್ನ ಮಧ್ಯೆ ಎಳೀಬೇಡಿ.

ವಿರಾಜಪೇಟೆ ಹುಡುಗಿ: ಎಪಿಪಿ ಸರ್, ಪರೀಕ್ಷೆಗೆ ಯಾವುದನ್ನ ಜಾಸ್ತಿ ಓದಬೇಕು?

ಮಾಜಿ ಪ್ಲೀಡರ್: ತಡೀಮ್ಮಾ. ಮೊದಲು ಅವರು ಆ ಶಿಫಾರಸಿನ ಮಾತು ವಾಪಸ್ ತಗೊಳ್ಳಲಿ.