ಮಾರ್ಚ್‌ನಲ್ಲಿ ಕೆಲಸ ಹೋಗಬಹುದು, ಎಪ್ರಿಲ್‌ನಲ್ಲಿ ಹೆರಿಗೆ: ಕಾರಿನ ಸಾಲ ಈಗಲೇ ತೀರಿಸಲಾ?

ಪ್ರಶ್ನೆ (ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರದಿಂದ, ಹೆಸರು ಬೇಡ ಅಂದಿದ್ದಾರೆ)

ಅಕ್ಕಾ, ನಮಸ್ಕಾರ. ನೀವು ಸಿಎ ಅಂತ ಗೊತ್ತಿರುವುದರಿಂದ ಇಲ್ಲೇ ಕೇಳುತ್ತಿದ್ದೇನೆ. ಮಂಗಳೂರಿನ ಒಂದು ಖಾಸಗಿ ಕಂಪೆನಿಯಲ್ಲಿ 6 ವರ್ಷದಿಂದ ಇದ್ದೇನೆ, ದಿನಾ ಟ್ರೈನಿನಲ್ಲಿ ಹೋಗಿಬರುವುದು. ಕೈಗೆ 46,000 ಸಿಗುತ್ತದೆ. ಹೆಂಡತಿ ಇಲ್ಲೇ ಅನುದಾನ ಇಲ್ಲದ ಶಾಲೆಯಲ್ಲಿ ಟೀಚರ್, 14,000. ಅವಳಿಗೆ ಈಗ ಐದು ತಿಂಗಳು, ಎಪ್ರಿಲ್‌ನಲ್ಲಿ ಹೆರಿಗೆ. ನಮ್ಮ ಕಂಪೆನಿಯಲ್ಲಿ ಎರಡು ಟೀಮನ್ನು ಆಗಲೇ ಮನೆಗೆ ಕಳಿಸಿದ್ದಾರೆ, ಮಾರ್ಚ್ ಕೊನೆಗೆ ನಮ್ಮದು ಅಂತ ಗುಸುಗುಸು.

ಬ್ಯಾಂಕಿನಲ್ಲಿ 90,000 ಇದೆ. ಊರಿನ ಸೊಸೈಟಿಯಲ್ಲಿ 2 ಲಕ್ಷ ಎಫ್‌ಡಿ. ಕೆಎಸ್ಎಫ್ಇ (ಕೇರಳ ಸರ್ಕಾರದ ಸಂಸ್ಥೆ) ಚಿಟ್ಟಿ, ಅಂದರೆ ಚೀಟಿ ಫಂಡ್, ತಿಂಗಳಿಗೆ 5,000, ಇನ್ನೂ ಎತ್ತಿಲ್ಲ. ಕಾರಿನ ಸಾಲ 1.6 ಲಕ್ಷ ಬಾಕಿ, ಕಂತು 9,200. ಸಾಲ ಇಟ್ಟುಕೊಂಡು ಕೆಲಸ ಕಳಕೊಳ್ಳುವುದು ಬೇಡ, ಎಫ್‌ಡಿ ಮುರಿದು ಕಾರಿನ ಸಾಲ ಮುಗಿಸು ಅಂತ ಎಲ್ಲರೂ ಹೇಳುತ್ತಾರೆ. ಸರಿಯಾ? ಹೆರಿಗೆಗೆ ಹೊಸ ಇನ್ಶೂರೆನ್ಸ್ ಮಾಡಿಸಬೇಕಾ? ಪಿಎಫ್ ತೆಗೆಯಬಹುದಾ? ಮನೆಯಲ್ಲಿ ಅಪ್ಪ, ಅಮ್ಮ ಇದ್ದಾರೆ, ಅಪ್ಪನ ಅಡಿಕೆ ತೋಟ ಇದೆ. ಅವರಿಗೆ ಇನ್ನೂ ಏನೂ ಹೇಳಿಲ್ಲ.

ಉತ್ತರ

ಕಾರಿನ ಸಾಲ ತೀರಿಸಬೇಡಿ. ಯಾಕೆ ಅಂತ ಲೆಕ್ಕ ಹಾಕಿ ತೋರಿಸುತ್ತೇನೆ, ಬಾಯಿಮಾತಿಗೆ ನೀವು ನಂಬುವುದಿಲ್ಲ.

ಕೆಲಸ ಹೋದ ಮೇಲೆ ನಿಲ್ಲಿಸಲು ಆಗದ ಖರ್ಚು ಮಾತ್ರ ಬರೆಯಿರಿ. ನಾನು ಅಂದಾಜು ಹಿಡಿದದ್ದು ಹೀಗೆ: ಅಂಗಡಿ ಸಾಮಾನು, ಮೀನು, ಹಾಲು 12,000. ಕರೆಂಟ್, ಗ್ಯಾಸ್, ಫೋನ್ 3,000. ಅಪ್ಪ ಅಮ್ಮನ ಮದ್ದು 2,500. ಮಗು, ಬಾಣಂತನ 5,000. ಕಾರಿನ ಕಂತು 9,200, ಚಿಟ್ಟಿ 5,000. ಒಟ್ಟು 36,700. ಇದರಲ್ಲಿ ಹೆಂಡತಿಯ 14,000 ಕಳೆದರೆ ತಿಂಗಳಿಗೆ 22,700 ಸಾಲದೆ ಬರುತ್ತದೆ.

ನಿಮ್ಮ ಕೈಯಲ್ಲಿ 2.9 ಲಕ್ಷ ಇದೆ. ಅದರಲ್ಲಿ ಹೆರಿಗೆಗೆ 1 ಲಕ್ಷ ಅಂತ ಬೇರೆ ಇಡಿ, ಅದನ್ನು ಮುಟ್ಟಬಾರದು. ಉಳಿದದ್ದು 1.9 ಲಕ್ಷ. ಅಂದರೆ ಎಂಟು ತಿಂಗಳು ಉಸಿರಾಡಬಹುದು. ಈಗ ಕಾರಿನ ಸಾಲ ತೀರಿಸಿದರೆ ಏನಾಗುತ್ತದೆ ನೋಡಿ. 1.6 ಲಕ್ಷ ಹೋಯಿತು, ಹೆರಿಗೆಯ 1 ಲಕ್ಷ ಹೋಯಿತು, ಕೈಯಲ್ಲಿ ಉಳಿಯುವುದು 30,000. ಕಂತು ಇಲ್ಲದ ಕಾರಣ ಸಾಲದೆ ಬರುವುದು 13,500ಕ್ಕೆ ಇಳಿಯುತ್ತದೆ, ಆದರೆ ಎರಡೇ ತಿಂಗಳಲ್ಲಿ ಕೈ ಖಾಲಿ. ಬಡ್ಡಿ ಉಳಿಸಿದ ಖುಷಿಯಲ್ಲಿ ಜೂನ್ ತಿಂಗಳಲ್ಲಿ, ಎಳೆಗೂಸು ಕೈಯಲ್ಲಿಟ್ಟುಕೊಂಡು, ಅದಕ್ಕಿಂತ ದುಬಾರಿ ಬಡ್ಡಿಗೆ ಬೇರೆ ಸಾಲ ಹುಡುಕಬೇಕಾಗುತ್ತದೆ. ಅದೂ ಸಂಬಳದ ಸ್ಲಿಪ್ ಇಲ್ಲದೆ! ಹೊಸ ಕೆಲಸ ಸಿಕ್ಕಿದ ಮೇಲೆ ಬೇಕಾದರೆ ಒಟ್ಟಿಗೆ ಕಟ್ಟಿ ಮುಗಿಸಿ, ಯಾರು ಬೇಡ ಅನ್ನುತ್ತಾರೆ.

ಹೆಂಡತಿಯ ಸಂಬಳವೂ ನಿಂತರೆ ಎಂಟು ತಿಂಗಳು ಐದಕ್ಕೆ ಇಳಿಯುತ್ತದೆ. ಹಾಗಾಗಿ ಅವರ ರಜೆಯ ವಿಷಯ ಸಣ್ಣದಲ್ಲ. ಅನುದಾನ ಇಲ್ಲದ ಶಾಲೆಯಲ್ಲಿ ಹೆರಿಗೆ ರಜೆಗೆ ಸಂಬಳ ಇಲ್ಲ ಅಂತ ಮ್ಯಾನೇಜ್‌ಮೆಂಟ್ ಹೇಳಿದರೆ ತಲೆಯಾಡಿಸಿ ಬರಬೇಡಿ. ಖಾಸಗಿ ಶಾಲೆಯ ಟೀಚರುಗಳನ್ನೂ ಹೆರಿಗೆ ಸೌಲಭ್ಯದ ಕಾನೂನಿಗೆ ಸೇರಿಸಿ ಕೇರಳದಲ್ಲಿ 2020ರಲ್ಲೇ ಆದೇಶ ಆಗಿದೆ. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ, ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮೊದಲೇ ತೆಗೆಯಬಹುದು. ಅರ್ಜಿಯನ್ನು ಬರೆದೇ ಕೊಡಿ, ಒಂದು ಪ್ರತಿಗೆ ಸೀಲು ಹಾಕಿಸಿ ಇಟ್ಟುಕೊಳ್ಳಿ. ಸಂಬಳದಲ್ಲಿ ಇಎಸ್ಐ (ನೌಕರರ ಸರ್ಕಾರಿ ವಿಮೆ) ಕಡಿತ ಇದೆಯಾ ಅಂತಲೂ ನೋಡಿ. ತಿಂಗಳಿಗೆ 21,000 ರೂಪಾಯಿ ಒಳಗಿನ ಸಂಬಳದವರಿಗೆ ಅದು. ಕಡಿತ ಇದ್ದರೆ ಈ 26 ವಾರದ ಹಣ ಶಾಲೆಯ ಕಿಸೆಯಿಂದ ಹೋಗುವುದೇ ಇಲ್ಲ, ಇಎಸ್ಐ ಕೊಡುತ್ತದೆ. ಶಾಲೆಯವರೂ ತಕರಾರು ಮಾಡುವುದಿಲ್ಲ. ಇನ್ನೊಂದು, ಎಪ್ರಿಲ್, ಮೇ ತಿಂಗಳ ಸಂಬಳ ಕೊಡದ ಶಾಲೆಗಳೂ ಇವೆ, ನಿಮ್ಮದು ಹೇಗೆ ಅಂತ ಈಗಲೇ ಕೇಳಿ.

ಇನ್ಶೂರೆನ್ಸ್ ವಿಷಯ. ಈಗ ಹೊಸ ಪಾಲಿಸಿ ಮಾಡಿಸಿದರೆ ಈ ಹೆರಿಗೆಗೆ ಒಂದು ಪೈಸೆ ಬರುವುದಿಲ್ಲ. ಹೆರಿಗೆಗೆ ಕಾಯುವ ಅವಧಿ ಇರುತ್ತದೆ, ಐದು ತಿಂಗಳಲ್ಲಿ ಅದು ಮುಗಿಯುವುದಿಲ್ಲ. "ನಾನು ಮಾಡಿಸಿ ಕೊಡುತ್ತೇನೆ" ಅನ್ನುವ ಏಜೆಂಟ್ ಸಿಕ್ಕಿದರೆ ಪಾಲಿಸಿ ಪತ್ರದಲ್ಲಿ ತೋರಿಸಿ ಅನ್ನಿ, ಆಮೇಲೆ ಫೋನ್ ಎತ್ತುವುದಿಲ್ಲ. ನಿಮಗಿರುವುದು ಕಂಪೆನಿಯ ಗ್ರೂಪ್ ಪಾಲಿಸಿ. ಅದು ಸಾಮಾನ್ಯವಾಗಿ ಕೊನೆಯ ಕೆಲಸದ ದಿನಕ್ಕೆ ನಿಲ್ಲುತ್ತದೆ. ಮಾರ್ಚ್ 31ಕ್ಕೆ ನಿಮ್ಮನ್ನು ಬಿಟ್ಟರೆ ಎಪ್ರಿಲ್‌ನ ಹೆರಿಗೆಗೆ ರಕ್ಷಣೆ ಇಲ್ಲ. ಇದೇ ನಿಮ್ಮ ಲೆಕ್ಕದ ದೊಡ್ಡ ತೂತು. ಹಾಗಾಗಿ ಕಂಪೆನಿ ಮಾತುಕತೆಗೆ ಕರೆದರೆ ಹಣ ಜಾಸ್ತಿ ಕೇಳುವ ಮೊದಲು ದಿನ ಕೇಳಿ. ನೋಟಿಸ್ ಅವಧಿಯನ್ನು ಹಣವಾಗಿ ಕೊಟ್ಟು ಆವತ್ತೇ ಕಳಿಸಬೇಡಿ, ರೋಲ್‌ನಲ್ಲಿ ಇಟ್ಟುಕೊಳ್ಳಿ, ಹೆಂಡತಿಗೆ ಎಪ್ರಿಲ್‌ನಲ್ಲಿ ಹೆರಿಗೆ ಇದೆ ಅಂತ ಎಚ್ಆರ್‌ಗೆ ನೇರವಾಗಿ ಹೇಳಿ. ನಾಚಿಕೆ ಯಾಕೆ? ಅವರಿಗೆ ಇದರಲ್ಲಿ ದೊಡ್ಡ ಖರ್ಚಿಲ್ಲ, ಒಪ್ಪುವ ಸಾಧ್ಯತೆ ಇದೆ. ಹೊಸ ಕಡೆ ಕೆಲಸ ಸಿಗುವುದಾದರೂ ಅಲ್ಲಿನ ಗ್ರೂಪ್ ಪಾಲಿಸಿಯಲ್ಲಿ ಹೆರಿಗೆ ಮೊದಲ ದಿನದಿಂದ ಸೇರುತ್ತದಾ, ಹುಟ್ಟಿದ ಮಗು ಸೇರುತ್ತದಾ ಅಂತ ಕೇಳಿ.

ಇದರ ಜೊತೆಗೆ, ಈಗ ತೋರಿಸುತ್ತಿರುವ ಆಸ್ಪತ್ರೆಯಲ್ಲಿ ಸಹಜ ಹೆರಿಗೆಗೆ ಎಷ್ಟು, ಸಿಸೇರಿಯನ್‌ಗೆ ಎಷ್ಟು, ಮಗುವನ್ನು ಎನ್ಐಸಿಯುನಲ್ಲಿ (ಎಳೆಗೂಸುಗಳ ತೀವ್ರ ನಿಗಾ ಘಟಕ) ಇಡಬೇಕಾಗಿ ಬಂದರೆ ದಿನಕ್ಕೆ ಎಷ್ಟು ಅಂತ ಮೂರನ್ನೂ ಕೇಳಿ ಬರೆದಿಡಿ. ಮೂರನೆಯದನ್ನು ಯಾರೂ ಕೇಳುವುದಿಲ್ಲ, ಬಿಲ್ ಏರುವುದು ಅಲ್ಲೇ. ಒಂದು ಸಲ ಕಾಸರಗೋಡು ಜನರಲ್ ಆಸ್ಪತ್ರೆಯಲ್ಲೂ ತೋರಿಸಿ ಚೀಟಿ ಮಾಡಿಸಿ ಇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್ ಸಹ, ಉಚಿತ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಅಂತ ಇದೆ, ಮದ್ದು, ಪರೀಕ್ಷೆ, ಊಟ ಎಲ್ಲ ಸೇರಿ. ಗಡಿಯ ಕಡೆಯವರು ಮಂಗಳೂರಿನ ಸರ್ಕಾರಿ ಹೆರಿಗೆ ಆಸ್ಪತ್ರೆ ಲೇಡಿಗೋಶನ್‌ಗೂ ಹೋಗುತ್ತಾರೆ. 2020ರಲ್ಲಿ ಲಾಕ್‌ಡೌನಿಗೆ ತಲಪಾಡಿ ಗಡಿ ಮುಚ್ಚಿದಾಗ ನಮ್ಮ ಕಡೆಯ ರೋಗಿಗಳು ಮಂಗಳೂರಿಗೆ ಹೋಗಲಾಗದೆ ಒದ್ದಾಡಿದ್ದು ನಮಗೆಲ್ಲ ಗೊತ್ತು, ಈಚೆ ಕಡೆಯೂ ಒಂದು ಬಾಗಿಲು ತೆರೆದಿರಲಿ.

ಪಿಎಫ್ ಕೊನೆಗೆ. ಕೆಲಸ ಹೋದರೆ ಶೇ. 75 ತೆಗೆಯಲು ದಾರಿ ಇದೆ. ಉಳಿದ ಶೇ. 25ಕ್ಕೆ ಮೊದಲು ಎರಡು ತಿಂಗಳು ಕಾದರೆ ಸಾಕಿತ್ತು, ಅದನ್ನು 12 ತಿಂಗಳು ಮಾಡುವ ತೀರ್ಮಾನವನ್ನು ಪಿಎಫ್ ನೋಡಿಕೊಳ್ಳುವ ಇಪಿಎಫ್ಒ ಮಂಡಳಿ 2025ರ ಅಕ್ಟೋಬರ್‌ನಲ್ಲಿ ತೆಗೆದುಕೊಂಡಿದೆ. 5 ವರ್ಷ ದಾಟಿದ್ದೀರಿ, ತೆಗೆದರೆ ತೆರಿಗೆ ಇಲ್ಲ. ಆದರೆ ನಮ್ಮ ಕಡೆಯವರ ಕ್ಲೈಮ್ ನಿಲ್ಲುವುದು ಹೆಸರಿನಲ್ಲಿ. ಎಸ್ಎಸ್ಎಲ್‌ಸಿಯಲ್ಲಿ ಇನಿಶಿಯಲ್ ಹಿಂದೆ, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಮುಂದೆ, ಬ್ಯಾಂಕಿನಲ್ಲಿ ಮನೆತನದ ಹೆಸರು! ಇವತ್ತೇ ಯುಎಎನ್ (ಪಿಎಫ್ ಖಾತೆಯ ನಂಬರ್) ಪೋರ್ಟಲ್ ತೆರೆದು ಹೆಸರು, ಹುಟ್ಟಿದ ದಿನ, ಬ್ಯಾಂಕ್ ಖಾತೆ ಎಲ್ಲ ಆಧಾರ್ ಜೊತೆ ಹೊಂದುತ್ತದಾ ನೋಡಿ. ತಿದ್ದಲು ಕಂಪೆನಿಯ ಸಹಿ ಬೇಕಾಗಬಹುದು. ಕೆಲಸ ಬಿಟ್ಟ ಮೇಲೆ ಆ ಸಹಿಗೆ ನೀವು ಅಲೆಯಬೇಕು.

ಕೆಲಸ ಬಿಡುವಾಗ ಕಂಪೆನಿ ಕೊಡಬೇಕಾದ ಗ್ರಾಚ್ಯುಟಿಯೂ ನಿಮಗೆ ಬರುತ್ತದೆ, ಮರೆಯಬೇಡಿ. ಮೂಲ ವೇತನವನ್ನು (ಡಿಎ ಇದ್ದರೆ ಅದನ್ನೂ ಸೇರಿಸಿ) 26ರಿಂದ ಭಾಗಿಸಿ, 15ರಿಂದ ಗುಣಿಸಿ, ಆಮೇಲೆ ವರ್ಷದಿಂದ. ಮೂಲ ವೇತನ 20,000 ಅಂದುಕೊಂಡರೆ 6 ವರ್ಷಕ್ಕೆ ಸುಮಾರು 69,000. ಅದನ್ನು ಕೈಗೆ ಬರುವವರೆಗೆ ಲೆಕ್ಕಕ್ಕೆ ಸೇರಿಸಬೇಡಿ.

ಇನ್ನು ಸೊಸೈಟಿ ಎಫ್‌ಡಿ. ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ಡಿಐಸಿಜಿಸಿ (ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆ) ವಿಮೆ ಇದೆ. ನಮ್ಮ ಊರಿನ ಸೇವಾ ಸಹಕಾರಿ ಸಂಘಗಳು ಆ ವಿಮೆಯಲ್ಲಿ ಬರುವುದಿಲ್ಲ, ಬೋರ್ಡಿನಲ್ಲಿ ಬ್ಯಾಂಕ್ ಅಂತ ಬರೆದಿದ್ದರೂ ಅಷ್ಟೇ. ನಿಮ್ಮ ಸೊಸೈಟಿ ಚೆನ್ನಾಗಿಯೇ ಇರಬಹುದು. ಆದರೂ ಹೆರಿಗೆಯ 1 ಲಕ್ಷವನ್ನು ಅಲ್ಲಿಂದ ತೆಗೆದು ಬ್ಯಾಂಕಿಗೆ ಹಾಕಿ, ರಾತ್ರಿ ಹನ್ನೊಂದಕ್ಕೂ ಕೈಗೆ ಸಿಗಬೇಕು ಅಲ್ವಾ.

ಮನೆಯಲ್ಲಿ ಹೇಳಿ. ಹೆಂಡತಿಗೆ ಮೊದಲು, ಆಮೇಲೆ ಅಪ್ಪನಿಗೆ. ಬೇರೆಯವರಿಗೆ ಬೇಡ.

ಪ್ರಶ್ನೆ (ಅದೇ ಕುಂಬಳೆಯವರು)

ಅಕ್ಕಾ, ತುಂಬಾ ಉಪಕಾರ. ಹೆಂಡತಿಗೆ ನನಗಿಂತ ಮೊದಲೇ ಅಂದಾಜಿತ್ತು. ಅಪ್ಪನಿಗೂ ಹೇಳಿದೆ. ಅಟ್ಟದಲ್ಲಿ ಹಳೆ ಅಡಿಕೆ ಸ್ವಲ್ಪ ಇದೆಯಂತೆ, ರೇಟು ಏರಲಿ, ಆಮೇಲೆ ಕೊಡೋಣ ಅನ್ನುತ್ತಾರೆ. ಚಿಟ್ಟಿ ನಿಲ್ಲಿಸಲಾ?

ಉತ್ತರ

ಅಡಿಕೆ ಒಳ್ಳೆಯ ಆಪತ್ಕಾಲದ ನಿಧಿ, ಆದರೆ ರೇಟಿನ ಆಸೆ ಅದರ ಒಟ್ಟಿಗೇ ಇರುತ್ತದೆ. ಅರ್ಧ ಮಾರ್ಚ್ ಒಳಗೆ ಕೊಡಲಿ, ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋಗೋ ನಿಮ್ಮ ಮಾಮೂಲಿ ಅಂಗಡಿಗೋ. ಉಳಿದರ್ಧದಲ್ಲಿ ಅಪ್ಪ ರೇಟು ನೋಡಲಿ. ಮಳೆಗಾಲ ಹಿಡಿದ ಮೇಲೆ ಮಹಾಳಿ (ಅಡಿಕೆಯ ಕೊಳೆರೋಗ), ಮದ್ದು ಬಿಡುವ ಖರ್ಚು ಅಂತ ತೋಟವೇ ಹಣ ಕೇಳುತ್ತದೆ, ಕೊಡುವುದಿಲ್ಲ.

ಚಿಟ್ಟಿ ನಿಲ್ಲಿಸಬೇಡಿ. ಕಂತು ತಪ್ಪಿದರೆ ಡಿವಿಡೆಂಡ್, ಅಂದರೆ ಕೂಗಿನಲ್ಲಿ ಬಿಟ್ಟ ಹಣದಲ್ಲಿ ನಿಮ್ಮ ಪಾಲು, ಹೋಗುತ್ತದೆ. ಎತ್ತುವಾಗ ಜಾಮೀನು ಕೊಡಬೇಕು, ಅದಕ್ಕೆ ಸಂಬಳದ ಪತ್ರ ಇರುವಾಗ ಸುಲಭ, ಇಲ್ಲದಾಗ ಚಿನ್ನವೋ ಎಫ್‌ಡಿಯೋ ಇಡಬೇಕಾಗುತ್ತದೆ. ಆದರೆ ತೀರಾ ಕಡಿಮೆಗೆ ಕೂಗಿ ಎತ್ತಬೇಡಿ. ಎತ್ತಿದ ಮೇಲೂ ಕಂತು ಕಟ್ಟಲೇಬೇಕು ಅನ್ನುವುದು ನೆನಪಿರಲಿ.

ಪ್ರತಿಕ್ರಿಯೆ (ಉಪ್ಪಳದಿಂದ ಒಬ್ಬರು)

ಸಂಬಳದ ಸ್ಲಿಪ್ ಇರುವಾಗಲೇ ಒಂದು 5 ಲಕ್ಷ ಪರ್ಸನಲ್ ಲೋನ್ ತೆಗೆದು ಇಟ್ಟುಕೊಳ್ಳಿ ಬ್ರೋ. ನನ್ನ ದೋಸ್ತ ಹಾಗೇ ಮಾಡಿದ್ದು.

ಉತ್ತರ

ಮುಂದಿನ ತಿಂಗಳಿಂದಲೇ ಕಂತು ಶುರುವಾಗುತ್ತದೆ, ಆ 5 ಲಕ್ಷವೇ ಅದರ ಕಂತನ್ನೂ ಕಟ್ಟಬೇಕು. ನಿಮ್ಮ ದೋಸ್ತ ಈಗ ಹೇಗಿದ್ದಾರೆ ಅಂತಲೂ ಬರೆಯಿರಿ. ಅಷ್ಟು ಕಷ್ಟ ಬಂದರೆ ಮನೆಯ ಚಿನ್ನ ಇಟ್ಟು ಸಾಲ ತೆಗೆಯುವುದೇ ಮೇಲು, ಬೇಕಾದ ದಿನ ಬೇಕಾದಷ್ಟೇ ತೆಗೆಯಬಹುದು. ಸ್ಲಿಪ್ ಇರುವಾಗ ಮಾಡಿಸಬೇಕಾದ್ದು ಟರ್ಮ್ ಇನ್ಶೂರೆನ್ಸ್ (ಸತ್ತರೆ ಮಾತ್ರ ಮನೆಯವರಿಗೆ ಹಣ ಬರುವ ಜೀವವಿಮೆ). ಅದಕ್ಕೆ ಆದಾಯದ ದಾಖಲೆ ಕೇಳುತ್ತಾರೆ. ವೈಯಕ್ತಿಕ ಪಾಲಿಸಿಗಳಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯೂ ಇಲ್ಲ.

ಪ್ರಶ್ನೆ (ಮಂಜೇಶ್ವರದಿಂದ, ಹೆಂಗಸು)

ಮೇಡಂ, ನನ್ನದು ಉಲ್ಟಾ. ನನಗೇ ಏಳು ತಿಂಗಳು, ಮಂಗಳೂರಿನ ಆಫೀಸಿನಲ್ಲಿ ಮೂರು ವರ್ಷದಿಂದ ಕೆಲಸ. "ನೀವೇ ರಾಜೀನಾಮೆ ಕೊಟ್ಟರೆ ಒಳ್ಳೆ ಸರ್ಟಿಫಿಕೇಟ್ ಕೊಡುತ್ತೇವೆ" ಅನ್ನುತ್ತಾರೆ. ಅಂಗನವಾಡಿಯಲ್ಲಿ 5,000 ಸಿಗುತ್ತದೆ ಅಂತಲೂ ಕೇಳಿದೆ.

ಉತ್ತರ

ಬರೆದುಕೊಡಬೇಡಿ. ರಾಜೀನಾಮೆ ಕೊಟ್ಟರೆ ನೀವಾಗಿಯೇ ಹೋದ ಹಾಗೆ, 26 ವಾರದ ಸಂಬಳವನ್ನು ನೀವೇ ಬಿಟ್ಟುಕೊಟ್ಟ ಹಾಗೆ. ಅವರೇ ಗರ್ಭಿಣಿಯನ್ನು ತೆಗೆದುಹಾಕಿದರೆ ಹೆರಿಗೆ ಸೌಲಭ್ಯ ತಪ್ಪುವುದಿಲ್ಲ, ಕಾನೂನು ಹಾಗಿದೆ. ಅದು ಅವರಿಗೂ ಗೊತ್ತಿರುವುದರಿಂದಲೇ ನಿಮ್ಮಿಂದ ಪತ್ರ ಕೇಳುತ್ತಿದ್ದಾರೆ. ಇವತ್ತೇ ಹೆರಿಗೆಯ ದಿನಾಂಕ, ರಜೆ ಶುರುವಾಗುವ ದಿನಾಂಕ ಹಾಕಿ ಆಫೀಸಿಗೆ ಇಮೇಲ್ ಕಳಿಸಿ, ನಿಮ್ಮ ಸ್ವಂತ ಇಮೇಲ್‌ಗೂ ಒಂದು ಪ್ರತಿ. ದೂರು ಕೊಡಬೇಕಾಗಿ ಬಂದರೆ ಮಂಗಳೂರಿನ ಕಾರ್ಮಿಕ ಇಲಾಖೆಗೆ. ಮನೆ ಮಂಜೇಶ್ವರವಾದರೂ ಕೆಲಸ ಇರುವುದು ಅಲ್ಲಿ, ಕಾಸರಗೋಡಿನಲ್ಲಿ ಕೊಟ್ಟರೆ ವಾಪಸ್ ಕಳಿಸುತ್ತಾರೆ.

ಅಂಗನವಾಡಿಯದ್ದು ಮಾತೃ ವಂದನಾ ಯೋಜನೆ, ಮೊದಲ ಮಗುವಿಗೆ ಎರಡು ಕಂತಿನಲ್ಲಿ 5,000. ಆಫೀಸಿನಿಂದ ಹೆರಿಗೆ ಸಂಬಳ ಸಿಗುವವರಿಗೆ ಅದು ಇಲ್ಲ.

ಪ್ರಶ್ನೆ (ದುಬೈಯಿಂದ, ಊರು ಬದಿಯಡ್ಕ)

ಅಕ್ಕ, ಇಲ್ಲಿಯೂ ಅದೇ ಕಥೆ. ಹೆಂಡತಿ ಊರಿನಲ್ಲಿ, ಫೆಬ್ರವರಿಯಲ್ಲಿ ಹೆರಿಗೆ. ಕೆಲಸ ಹೋದರೆ ಆವತ್ತೇ ಟಿಕೆಟ್ ಮಾಡಿ ಬರುವುದು ಅಂತ ಇದ್ದೇನೆ.

ಉತ್ತರ

ಯುಎಇಯಲ್ಲಿ 2023ರಿಂದ ಕೆಲಸ ಹೋದವರಿಗೆ ಕಡ್ಡಾಯ ವಿಮೆ ಇದೆ, ಐಎಲ್ಒಇ ಅನ್ನುತ್ತಾರೆ. ಮೂಲ ವೇತನ 16,000 ದಿರ್ಹಮ್ ಒಳಗಿದ್ದರೆ ತಿಂಗಳಿಗೆ 5 ದಿರ್ಹಮ್ ಕಟ್ಟುವುದು. 12 ತಿಂಗಳು ಕಟ್ಟಿದ್ದರೆ, ಕೆಲಸ ಹೋದ ಮೇಲೆ ಮೂರು ತಿಂಗಳವರೆಗೆ ಮೂಲ ವೇತನದ ಶೇ. 60 ಸಿಗುತ್ತದೆ. ರಾಜೀನಾಮೆ ಕೊಟ್ಟರೆ ಇಲ್ಲ. 30 ದಿನದ ಒಳಗೆ ಕ್ಲೈಮ್ ಹಾಕಬೇಕು. ದೇಶ ಬಿಟ್ಟರೆ ಹಣ ನಿಲ್ಲುತ್ತದೆ, ಹಾಗಾಗಿ ಟಿಕೆಟ್ ಮಾಡುವ ಮೊದಲು ಇದನ್ನು ಯೋಚಿಸಿ. ಕಂತು ಬಾಕಿ ಇದೆಯಾ ಅಂತ ಇವತ್ತೇ ನೋಡಿ.

ಇನ್ನೊಂದು, ಹೆಂಡತಿಯ ಹೆರಿಗೆ ಮಂಗಳೂರಿನಲ್ಲಿ ಆದರೆ ಜನನ ನೋಂದಣಿಯೂ ಮಂಗಳೂರಿನಲ್ಲೇ ಆಗುವುದು, ಬದಿಯಡ್ಕ ಪಂಚಾಯತಿನಲ್ಲಿ ಅಲ್ಲ. 21 ದಿನದ ಒಳಗೆ ಆಗಬೇಕು. ಆಸ್ಪತ್ರೆಯಲ್ಲಿ ಫಾರ್ಮ್ ತುಂಬುವಾಗ ಅಪ್ಪ ಅಮ್ಮನ ಹೆಸರು ಆಧಾರ್‌ನಲ್ಲಿ ಇದ್ದ ಹಾಗೆಯೇ ಬರೆಸಿ, ಅಲ್ಲಿ ಇರುವ ಯಾರಿಗಾದರೂ ಈಗಲೇ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿ ಇಡಿ.