ಎಕ್ಸ್ ಪಿ, ಪಿ ಎಕ್ಸ್ ಎರಡೂ ಒಂದೇ ಯಾಕಲ್ಲ?

ಪ್ರಶ್ನೆ:
ಎಂಎಸ್ಸಿ ಮೊದಲ ಸೆಮಿಸ್ಟರ್, ಕ್ವಾಂಟಮ್ ಮೆಕ್ಯಾನಿಕ್ಸ್. ಪೊಸಿಷನ್, ಮೊಮೆಂಟಮ್ ಆಪರೇಟರ್‌ಗಳ ಕಮ್ಯುಟೇಟರ್ (ಅಂದರೆ ಎಕ್ಸ್ ಪಿ ಮೈನಸ್ ಪಿ ಎಕ್ಸ್) ಐ ಎಚ್‌ಬಾರ್ (ಐ ಅಂದರೆ ಮೈನಸ್ ಒಂದರ ವರ್ಗಮೂಲ, ಎಚ್‌ಬಾರ್ ಅಂದರೆ ಪ್ಲಾಂಕ್ ಸ್ಥಿರಾಂಕ ಬೈ 2 ಪೈ) ಎಂದು ಪುಸ್ತಕದಲ್ಲಿ ಒಂದೇ ಸಾಲಲ್ಲಿ ಮುಗಿಸಿದ್ದಾರೆ. ಪಿ ಅಂದರೆ ಮೈನಸ್ ಐ ಎಚ್‌ಬಾರ್ ಡಿ ಬೈ ಡಿಎಕ್ಸ್, ಅದು ಗೊತ್ತು. ಆದರೆ ಎಕ್ಸ್ ಪಿ ಎಂದು ಬರೆದಾಗ ಬಲಕ್ಕೆ ಏನೂ ಇಲ್ಲ, ಅದು ಯಾವುದನ್ನು ಡಿಫರೆನ್ಷಿಯೇಟ್ ಮಾಡಬೇಕು? ಜೊತೆಗೆ ಈ ಬ್ರಾ-ಕೆಟ್ ಎಂಬ ಬರೆಯುವ ರೀತಿ ಬೇರೆ, ತಲೆಗೆ ಹತ್ತುತ್ತಿಲ್ಲ.

ಉತ್ತರ 1:
ಬಲಗಡೆ ಯಾವಾಗಲೂ ಒಂದು ಫಂಕ್ಷನ್ ಇರುತ್ತದೆ, ಬರೆದಿರುವುದಿಲ್ಲ ಅಷ್ಟೇ. ನೀವು ಸೈ ಎಂದು ಬರೆದುಕೊಂಡೇ ಶುರು ಮಾಡಿ. ಎಕ್ಸ್ ಪಿ ಸೈ ಅಂದರೆ ಮೊದಲು ಸೈ ಡಿಫರೆನ್ಷಿಯೇಟ್ ಆಗುತ್ತದೆ, ಆಮೇಲೆ ಎಕ್ಸ್‌ನಿಂದ ಗುಣಿಸುತ್ತೀರಿ. ಪಿ ಎಕ್ಸ್ ಸೈ ಅಂದರೆ ಎಕ್ಸ್ ಮತ್ತು ಸೈ ಗುಣಿಸಿ ಬಂದದ್ದೆಲ್ಲ ಡಿಫರೆನ್ಷಿಯೇಟ್ ಆಗುತ್ತದೆ, ಆಗ ಪ್ರಾಡಕ್ಟ್ ರೂಲ್‌ನಿಂದ ಒಂದು ಸೈ ಜಾಸ್ತಿ ಬರುತ್ತದೆ, ಅದರ ಮುಂದೆ ಮೈನಸ್ ಐ ಎಚ್‌ಬಾರ್. ಕಳೆಯಿರಿ, ಐ ಎಚ್‌ಬಾರ್ ಸೈ ಉಳಿಯುತ್ತದೆ. ಯಾವ ಸೈ ಇಟ್ಟರೂ ಇದೇ ಉತ್ತರ, ಅದಕ್ಕೇ ಕೊನೆಗೆ ಸೈ ಬಿಟ್ಟು ಬರೆಯುತ್ತಾರೆ.

ಉತ್ತರ 2:
ಬ್ರಾ-ಕೆಟ್ ಭೌತವಿಜ್ಞಾನಿ ಡಿರಾಕ್ 1939ರಲ್ಲಿ ತಂದದ್ದು. ಸದ್ಯಕ್ಕೆ ಕೆಟ್ ಅಂದರೆ ಕಾಲಂ, ಬ್ರಾ ಅಂದರೆ ಅದರ ಕಾಂಪ್ಲೆಕ್ಸ್ ಕಾಂಜುಗೇಟ್ ರೋ ಎಂದುಕೊಳ್ಳಿ. ಬ್ರಾ ಎಡಕ್ಕಿದ್ದರೆ ಸಂಖ್ಯೆ ಸಿಗುತ್ತದೆ, ಕೆಟ್ ಎಡಕ್ಕಿದ್ದರೆ ಆಪರೇಟರ್. ಕ್ರಮ ಬದಲಾದರೆ ಉತ್ತರ ಹೇಗೆ ಬದಲಾಗುತ್ತದೆ ಎಂದು ಸುಮ್ನೆ ಓದಬೇಡಿ, ಸ್ಪಿನ್‌ಗೆ ಬಳಸುವ ಎರಡು ಬೈ ಎರಡರ ಪೌಲಿ ಮ್ಯಾಟ್ರಿಕ್ಸ್‌ಗಳನ್ನು ಎರಡೂ ಕ್ರಮದಲ್ಲಿ ಕೈಯಾರೆ ಗುಣಿಸಿ ನೋಡಿ. ಸಿಗ್ಮಾ ಎಕ್ಸ್ ಸಿಗ್ಮಾ ವೈ ಮಾಡಿದರೆ ಐ ಸಿಗ್ಮಾ ಝಡ್, ತಿರುಗಿಸಿದರೆ ಮೈನಸ್ ಐ ಸಿಗ್ಮಾ ಝಡ್.

ಪ್ರಶ್ನೆ ಕೇಳಿದವರು:
ಓಹ್, ಈಗ ಬಂತು! ಹಾಗಾದರೆ ಪಿ ಸ್ಕ್ವೇರ್ ಮತ್ತು ಎಕ್ಸ್ ಕಮ್ಯುಟೇಟರ್ ಮೈನಸ್ 2 ಐ ಎಚ್‌ಬಾರ್ ಪಿ, ಅಲ್ವಾ?

ಉತ್ತರ 1:
ಸರಿಯಾಗಿದೆ. ಮುಂದೆ ಎಕ್ಸ್ ಕ್ಯೂಬ್ ಇಟ್ಟು ಮಾಡಿ.